ಟೇಪಿನ ಸೊನ್ನೆ

ಟೇಪಿನ ಸೊನ್ನೆ ಇರೋ ತುದಿ ಯಾವಾಗಲೂ ನನ್ನ ಕೈಯಾಗ.
ಅಂಕಿ ಓದೋದು ಜೇಈ ಸಾಹೇಬರ ಕೆಲಸ,
ಸೊನ್ನೆ ಒತ್ತಿ ಹಿಡಿದು ಕುಕ್ಕರಗಾಲಿಲೆ ಕೂಡೋದು
ಪ್ಯೂನ್ ಮಲ್ಕಪ್ಪಂದು.
ನಗರಸಭಾ ಸೇರಿ ಹತ್ತೊಂಬತ್ತು ವರ್ಷ ಆಯ್ತು,
ಸೊನ್ನೆಯಿಂದ ಮುಂದ ಹೋಗಿಲ್ಲ ನಾನು.

ಆದ್ರ ಟೇಪು ಬಿಚ್ಚೋದ್ರೊಳಗ ನನಗ ಲೆಕ್ಕ ಗೊತ್ತಿರ್ತದ.
ಖಣಿಯಾಗ ಬೆಳೆದ ಕಣ್ಣು ಇವು.
ಅಪ್ಪ ಉಳಿ ಇಟ್ಟಲ್ಲಿ ಕಲ್ಲು ಹಾಳಿಹಾಳಿ ಏಳ್ತಿತ್ತು,
ಎರಡು ಫೂಟಿಗೆ ಎರಡು ಫೂಟು, ಕೂದಲೆಳಿ ಫರಕಿಲ್ಲ.
ಶಹಾಬಾದದಾಗ ದೂರ ಅಂದ್ರ ಮೀಟರಲ್ಲ, ಫರಸಿ.
ನಮ್ಮ ಓಣಿ ಸಾಲಿ ಗೇಟಿನಿಂದ
ಮಾಣಿಕಪ್ಪನ ಕಿರಾಣಿ ಅಂಗಡಿ ಬಾಗಿಲ ತನಕ
ಗಟಾರದ ಮ್ಯಾಲೆ ಹಾಸಿದ್ದು ನೂರಾ ಐವತ್ತೊಂದು.

ಮಾಣಿಕಪ್ಪ ಸೇಡಂ ಕಡಿಂದು ಒಂದು ಹಳೇ ಲೈಸೆನ್ಸು ಹಿಡದಿದ್ದ.
ಬ್ಯಾಳಿ, ಸಕ್ಕರಿ, ಊದಿನಕಡ್ಡಿ ಎಡಕ್ಕ,
ಬಲಕ್ಕ ಕಬ್ಬಿಣದ ಜಾಳಿಗಿ, ಅದರ ಹಿಂದ ಬಾಟಲಿ:
ನಕ್ಷಾ ತಯಾರಾಗಿತ್ತು.
ಅಬಕಾರಿಯವ್ರು ಕೇಳಿದ್ದು ಎರಡೇ.
ನಗರಸಭೆಗ ತಕರಾರಿಲ್ಲ ಅಂತ ಒಂದು ಕಾಗದ,
ಹತ್ತಿರದ ಸಾಲಿ ಗೇಟಿನಿಂದ ನೂರು ಮೀಟರ್.

ಅಳದ್ರ ತೊಂಬತ್ತೆರಡು.
ಜೇಈ ಸಾಹೇಬ್ರು ಎರಡು ಸಲ ಓದಿದ್ರು,
ನಾ ಎರಡೂ ಸಲ ಸೊನ್ನೆ ಬಿಡಲಿಲ್ಲ.
ಮಾಣಿಕಪ್ಪ ನಕ್ಕು ಎಲ್ಲರಿಗೂ ಚಹಾ ಹೇಳಿದ.

ಮುಂದಿನ ತಿಂಗಳ ಮೀಟಿಂಗು.
ವಿಷಯ ಒಂಬತ್ತು: ದಾನಿಗಳ ಖರ್ಚಿನಾಗ ಸಾಲಿಗೆ ಹೊಸ ಗೇಟು.
ಹಳೇದು ಗಟಾರದ ಕಡಿ ಅದ, ಸೊಳ್ಳಿ, ನಾಯಿ, ಹೊಲಸು.
ಹೊಸಾದು ಮೂಡಲ ಕಡಿ ಇರಲಿ, ಬಿಸಿಲು ಬರ್ತದ.
ಎಲ್ಲರೂ ಕೈ ಎತ್ತಿದ್ರು, ಹಫೀಜಾ ಬೇಗಂ ಸುದ್ದಾ.
ಸುಲೋಚನಾ ಟೀಚರ್ ಸ್ವಂತ ರೊಕ್ಕಲೆ ಪೇಢಾ ಹಂಚಿದ್ರು.
ನಾನೂ ತಿಂದೆ. ರುಚಿ ಇತ್ತು.

ಹಳೇ ಗೇಟಿನ ಜಾಗಾದಾಗ ಫರಸಿ ನಿಲ್ಲಿಸಿ ಸಿಮಿಟ ಬಡದ್ರು.

ಮತ್ತ ಟೇಪು ಬಿಚ್ಚಿದಿವಿ. ಈ ಸಲ ಸುತ್ತು ಹಾಕಿ,
ಹುಣಸಿ ಗಿಡ ದಾಟಿ, ಮೂಲಿ ಹೊಳ್ಳಿ. ನೂರಾ ಹದಿನೇಳು.
ಸೊನ್ನೆ ಅದೇ ಸೊನ್ನೆ,
ಕೈ ಅದೇ ಕೈ.

ವಿಷಯ ಹದಿನಾಲ್ಕು ಬಂದಾಗ ಊಟದ ಹೊತ್ತು.
ಮುಂದ ಓಣಿ ದೀಪ, ಹಿಂದ ಹಂದಿ ಹಿಡಿಯೋ ಟೆಂಡರು,
ನಡುವ ಮಾಣಿಕಪ್ಪನ ಅರ್ಜಿ, ಸಣ್ಣ ಅಕ್ಷರ.
ಹಫೀಜಾ ಬೇಗಂ ಎದ್ದು ನಿಂತಳು,
ಅಕಿ ಮಾರಿ ಮ್ಯಾಲೆ ಆಗ ಬಿಸಿಲು ಬಿತ್ತು ನೋಡ್ರಿ:
'ನಾ ಗೇಟಿಗೆ ಕೈ ಎತ್ತೀನಿ ಸಾಹೇಬ್ರ, ಬಾಟಲಿಗಲ್ಲ.'
ಅಧ್ಯಕ್ಷರು ಅಂದ್ರು, ಎತ್ತಿದ ಕೈ ಎತ್ತಿದಂಗ.
ಬಾಗಿಲ ಹತ್ರ ನಿಂತಿದ್ದ ಕ್ವಾರಿಯ ರತ್ನಾಬಾಯಿ
ಒಳಗ ಬರಲಾರದೇ ಕೇಳಿದಳು:
'ನೂರಾ ಹದಿನೇಳು ಹೋಗಲಕ್ಕೋ, ಬರಲಕ್ಕೋ?
ನನ್ನ ಮನ್ಯಾವ ಹೋಗಲಕ್ಕ ಐದು ನಿಮಿಷ ತಗೋತಾನ,
ಬರಲಕ್ಕ ರಾತ್ರಿ ಪೂರಾ.
ಇದನ್ನ ಯಾವ ಟೇಪಿಲೆ ಅಳೀತೀರಿ?'
ನಡಾವಳಿ ಪುಸ್ತಕದಾಗ ಈ ಮಾತಿಲ್ಲ.
ಬಹುಮತದಿಂದ ಮಂಜೂರು, ಅಂತದ.

ಅಂಗಡಿ ಶುರುವಾದ ದಿನ ಮೊದಲ ಗಿರಾಕಿ ನಾನಲ್ಲ.
ನಾಲ್ಕನೇದವ.
ಜಾಳಿಗಿಯೊಳಗ ಕೈ ಹಾಕಿದಾಗ ಮಾಣಿಕಪ್ಪ
ಚಿಲ್ಲರಿ ಬ್ಯಾಡ ಅಂದ.
ಕೈ ಹಿಂದಕ್ಕ ತಗೊಳ್ಳಿಲ್ಲ ನಾನು, ಖರೇ ಹೇಳ್ತೀನಿ.

ನಿನ್ನೆ ಮುಂಜಾನಿ ಕಸದ ಗಾಡಿ ಸಂಗಟ ಹೋದಾಗ ನೋಡಿದೆ.
ಹಳೇ ಗೇಟಿನ ಜಾಗಾದಾಗ, ಕೆಳಗಿನ ಫರಸಿ
ಯಾರೋ ಅಳ್ಳಾಡಿಸಿ ಕಿತ್ತಾರ.
ಮೊದಲ ಒಂದು ದಪ್ತರ ಹೊರಗ ಬಂತು,
ಬೆನ್ನಿಗೆ ಒಂದು ಹುಡುಗಿ, ಎರಡು ಜಡಿ, ಮೈಯೆಲ್ಲ ಸಿಮಿಟ ಪುಡಿ.
ಸುತ್ತು ಹಾಕಲಕ್ಕ ಅದಕ್ಕ ಪುರಸತ್ತಿಲ್ಲ.
ಚಾಕಲೇಟಿಗೆ ಅದೇ ಅಂಗಡಿ ಕಡಿ ಓಡಿತು,
ಫರಸಿ ಮ್ಯಾಲಿಂದ ಫರಸಿಗೆ ಜಿಗೀತ.

ನಾ ಎಣಿಸಿದೆ. ನೂರಾ ಐವತ್ತೊಂದು.

ಅಷ್ಟು ಕಂಡಿಗೆ ಗೇಟು ಅಂತಾರೋ ಇಲ್ಲೋ ನನಗ ತಿಳೀದು.
ಟೇಪು ಆಫೀಸಿನ ಮೊಳಿಗೆ ತೂಗಲಕತ್ತದ.
ಅಳೀಲಕ್ಕ ನನಗ ಇನ್ನಾ ಯಾರೂ ಕರದಿಲ್ಲ.