ಮೂರನೆಯ ಕೊಯ್ಲು

ಆ ಹೊಲ ಕೊಯ್ದವಳು ನಾನೇ.
ಆಗಸ್ಟಿನ ಸಂಜೆ, ವಾಶಿಟಾ ನದಿಯ ಆಚೆ ದಂಡೆ,
ಕುದುರೆಮೆಂತೆ ಹೊಲ ತುಂಬ ನೇರಳೆ ಹೂ ಬಿಟ್ಟಿತ್ತು.
ಮಳೆ ಬರುತ್ತದೆಂದಿತ್ತು ರೇಡಿಯೊ. ಬರಲಿಲ್ಲ.
ಅವಸರ ಮಾತ್ರ ಬಂತು.

ಹೂವಿನ ಮೇಲೆ ಹುಳ ಕೂತಿದ್ದವು, ಎಲ್ಲ ಒಂದೇ ಮೂಲೆಯಲ್ಲಿ,
ಸಂತೆ ನೆರೆದಂತೆ: ಕಿತ್ತಳೆ ಮೈ, ಕರಿ ಪಟ್ಟೆ,
ಮೆತ್ತನೆ ರೆಕ್ಕೆ, ಸಣ್ಣ ಕತ್ತು.
ಕಂಡಿದ್ದೆ. ಕಂಡೂ ಗೇರು ಬದಲಿಸಲಿಲ್ಲ.

ಬೊಬ್ಬೆಹುಳ ಅನ್ನುತ್ತಾರೆ, ಅದು ಬೊಬ್ಬೆ ಹಾಕಿದ್ದು
ಯಾರೂ ಕೇಳಿಲ್ಲ. ಕಚ್ಚುವುದಿಲ್ಲ, ಕುಟುಕುವುದಿಲ್ಲ.
ಮೊಣಕಾಲ ಸಂದಿನಿಂದ ಒಂದು ಹನಿ ನೆತ್ತರು,
ಅಷ್ಟು ಸಾಕು. ಮುಟ್ಟಿದವರ ಚರ್ಮವೇ
ಅದರ ಪರವಾಗಿ ಬೊಬ್ಬೆಯಿಡುತ್ತದೆ.

ಗಂಡು ಅದನ್ನು ಮೈಯೊಳಗೆ ಮಾಡುತ್ತದಂತೆ
(ಪಶುವೈದ್ಯ ಹೇಳಿದ್ದು, ಆಮೇಲೆ, ಕೈ ತೊಳೆಯುತ್ತ)
ಕೂಡುವಾಗ ಹೆಣ್ಣಿಗೆ ಕೊಟ್ಟುಬಿಡುತ್ತದಂತೆ, ಉಡುಗೊರೆ;
ಅವಳು ಅದನ್ನೇ ಮೊಟ್ಟೆಗಳಿಗೆ ಸವರಿ
ಮಣ್ಣು ಮುಚ್ಚಿ ನಡೆದುಬಿಡುತ್ತಾಳೆ.
ಇರುವೆ ಬಂದು ಮೂಸಿ ಹಿಂದೆ ಸರಿಯುತ್ತದೆ.
ಅಮ್ಮ ನಮಗೆ ಹೊಲಿದ ಯಾವ ಕೌದಿಯೂ
ಅಷ್ಟು ಗಟ್ಟಿಯಿರಲಿಲ್ಲ.

ಅಜ್ಜನ ಯಂತ್ರಕ್ಕೆ ಹಲ್ಲು ಮಾತ್ರ ಇದ್ದವು.
ಕೊಯ್ದದ್ದು ಬಿದ್ದಲ್ಲೇ ಬಾಡುತ್ತಿತ್ತು ಎರಡು ದಿನ,
ಹುಳಗಳು ಎದ್ದು ತಮ್ಮ ದಾರಿ ಹಿಡಿಯುತ್ತಿದ್ದವು.
ನಮ್ಮದಕ್ಕೆ ರಬ್ಬರಿನ ಉರುಳೆ ಎರಡು,
ದಂಟು ಬೇಗ ಒಣಗಲೆಂದು ಹಿಂಡುತ್ತವೆ.
ಯಾವುದು ದಂಟು ಎಂದು ಅವಕ್ಕೆ ಯಾರು ಹೇಳಬೇಕು?

ಜನವರಿ. ವರ್ಲೀನ್ ಪ್ರೂಯಿಟ್‌ಳ ಹೆಣ್ಣುಕುದುರೆ
ಬಕೆಟ್ಟಿನ ನೀರಿಗೆ ಮೂತಿ ಅದ್ದುತ್ತದೆ, ಕುಡಿಯುವುದಿಲ್ಲ.
ಅದ್ದುತ್ತದೆ. ಕುಡಿಯುವುದಿಲ್ಲ.
ಹೆಪ್ಪುಗಟ್ಟಿದ ನೆಲವನ್ನು ಗೊರಸಿನಿಂದ ಕೆರೆಯುತ್ತದೆ.
ಉಚ್ಚೆಯಲ್ಲಿ ನೆತ್ತರು. ಬೆಳಗಿನ ಐದಕ್ಕೆ ಹೋಯಿತು.
ಟಾನ್ಸಿ ಅದರ ಹೆಸರು, ಹನ್ನೊಂದು ವರ್ಷ.
ಹೆಸರಲ್ಲೇ ಕುದುರೆಯಿರುವ ಸೊಪ್ಪು ತಿಂದು.

ಹುಳ ಸತ್ತು ಐದು ತಿಂಗಳಾಗಿತ್ತು.
ಒಳಗಿನದು ಸತ್ತಿರಲಿಲ್ಲ.
ಬಿಸಿಲಿಗೆ ಆರಲಿಲ್ಲ, ಚಳಿಗೆ ಮುರಿಯಲಿಲ್ಲ,
ವಾಸನೆಯಿಲ್ಲ, ಬಣ್ಣವಿಲ್ಲ,
ಹುಲ್ಲಿನ ನಡುವೆ ಹುಲ್ಲಾಗಿ ಕಾದಿತ್ತು.

ಅಪ್ಪ ಉಳಿದ ಪೆಂಡಿಗಳನ್ನು ವಾಪಸು ತಂದ.
ಕೊಟ್ಟಿಗೆಯ ಬಲ್ಬಿನ ಕೆಳಗೆ ಪದರ ಪದರವಾಗಿ ಬಿಡಿಸಿದ.
ಅರ್ಧ ರೆಕ್ಕೆ, ಒಂದು ಕಾಲು, ಹೊಟ್ಟಿನಂತೆ ಹಗುರ.
ಕೈಗವಸು ಹಾಕು ಅಂದೆ. ಹಾಕಲಿಲ್ಲ.
ನೂರ ಹದಿನಾಲ್ಕರ ತನಕ ಎಣಿಸಿ
ಆಮೇಲೆ ಸುಮ್ಮನೆ ಕೂತ.

ಮರುದಿನ ಹೆಬ್ಬೆರಳಲ್ಲಿ ಬೊಬ್ಬೆ,
ನೀರು ತುಂಬಿ ದ್ರಾಕ್ಷಿಯಷ್ಟು. ಒಡೆಯಲಿಲ್ಲ ಅವನು.
ಊಟದ ಹೊತ್ತಿಗೆ ಚಮಚ ಎಡಗೈಗೆ ಬಂತು.
ಯಾರೂ ನೋಡಲಿಲ್ಲ, ಎಲ್ಲರೂ ನೋಡಿದೆವು.

"ಕೊಯ್ದದ್ದು ನಾನು" ಅಂದೆ ಒಂದು ರಾತ್ರಿ.
"ಮಾರಿದ್ದು ನಾನು" ಅಂದ.

ಮೇ ತಿಂಗಳು ವರ್ಲೀನಳ ಪಿಕಪ್ ಅಂಗಳಕ್ಕೆ ಬಂತು,
ಹಿಂದುಗಡೆ ಖಾಲಿ. ಇಂಜಿನ್ ಆರಿಸಲಿಲ್ಲ.
"ಮೊದಲ ಕೊಯ್ಲೇ?"
"ಮೊದಲನೆಯದು. ಹೂ ಬಿಡುವ ಮುಂಚೆ."
ಇಳಿದಳು. ತನ್ನದೇ ಚಾಕುವಿನಿಂದ ಒಂದು ಪೆಂಡಿಯ ಹುರಿ ಕತ್ತರಿಸಿ
ಬರಿಗೈಯನ್ನು ಮೊಣಕೈವರೆಗೆ ಒಳಗಿಟ್ಟಳು,
ಕಣ್ಣು ಮುಚ್ಚಿ ಹುಡುಕಿದಳು ಬಹಳ ಹೊತ್ತು,
ಏನಾದರೂ ಸಿಗಲಿ ಎಂಬಂತೆ.
ಇಂಜಿನ್ ಓಡುತ್ತಲೇ ಇತ್ತು.