ಹೊಳ್ಳಿ ಬಂದ ಲಾಳಿ

ಬನಹಟ್ಟಿಯಲ್ಲಿ ಸೋಮವಾರ ಮಗ್ಗಗಳು ಸುಮ್ಮನಿರುತ್ತವೆ.
ಅವತ್ತೇ ನನ್ನ ರೇಡಿಯೋ ಬಾಯಿ ಬಿಡುವುದು.
ಉಳಿದ ದಿನ ಓಣಿಯ ಮೋಟರುಗಳ ಗರಗರವೇ
ಎಲ್ಲ ತರಂಗಗಳ ಮೇಲೆ ಕೂತಿರುತ್ತದೆ.

ಕೃಷ್ಣೆ ಏರಿದ ವರ್ಷ ಫೋನೆಲ್ಲ ಸತ್ತಾಗ
ಐದು ವಾಟಿನಲ್ಲಿ ನಾನು "ಎರಡು ದೋಣಿ" ಎಂದದ್ದು
ಅತ್ತ ಕಡೆ "ಎರಡು ಓಣಿ" ಎಂದು ಕೇಳಿತ್ತು.
ಯಾರೂ ಸಾಯಲಿಲ್ಲ. ಆದರೂ.
ಆಂಪ್ಲಿಫೈಯರ್ ಕಟ್ಟಲು ಕೂತದ್ದು ಅದಕ್ಕೆ.

ಮೊದಲನೆಯ ಟ್ರಾನ್ಸಿಸ್ಟರ್ ಸತ್ತದ್ದು ಮಂಗ್ಯಾನಿಂದ.
ನೀರಿನ ಟಾಕಿಯಿಂದ ಬೇವಿನ ಗಿಡಕ್ಕೆ ಎಳೆದ ತಂತಿಯಲ್ಲಿ
ಅದು ಜೋಕಾಲಿ ಆಡಿ, ಹರಿದು, ಹೋಗಿತ್ತು. ನನಗೇನು ಗೊತ್ತು?
ಕೀ ಒತ್ತಿದೆ.
ಹೊಗೆಯಿಲ್ಲ, ಸದ್ದಿಲ್ಲ.
ಮೀಟರಿನ ಮುಳ್ಳು ಬಲಕ್ಕೆ ಹೊಡೆದು ಎಡಕ್ಕೆ ಮಲಗಿತು.
ನಾಲ್ಕು ಸಾವಿರದ ಇನ್ನೂರು ರೂಪಾಯಿ,
ಉಗುರಿನಷ್ಟು ಅಗಲದ್ದು.

ಎರಡನೆಯದು ಸತ್ತದ್ದು ನನ್ನ ಅವಸರದಿಂದ.
ಮೂರನೆಯದರ ಸುದ್ದಿ ಕಸ್ತೂರಿಗೆ ಹೇಳಿರಲಿಲ್ಲ.

ಚಿಕ್ಕೋಡಿಯ ಬಾಹುಬಲಿ ಉಪಾಧ್ಯೆ
(ಮುಖ ಇವತ್ತಿಗೂ ನೋಡಿಲ್ಲ, ದನಿಯಷ್ಟೇ ಪರಿಚಯ)
ಹಳೆಯ ಸೆಟ್ಟಿನ ಕರಕರದಲ್ಲಿ ನಕ್ಕ:
"ಮ್ಯಾಲ ಹೋದ ಮಾತು ತಗೊಳ್ಳಾವ್ರ ಇರಲಿಲ್ಲಪಾ.
ಹೊಳ್ಳಿ ಬಂತು. ಹೋಗೂದು, ಬರೂದು ಎರಡೂ ಕೂಡಿ
ಡ್ರೈನಿನ ಮ್ಯಾಲ ವೋಲ್ಟೇಜ್ ಎದ್ದು ನಿಂತೈತಿ.
ನಿನ್ನ ದನೀನ ಅದನ್ನ ಕೊಂದದ್ದು."

ಇದನ್ನು ಊಟಕ್ಕೆ ಕೂತಾಗ ಹೇಳಿದೆ.
ಕಸ್ತೂರಿ ರೊಟ್ಟಿ ಮುರಿಯುತ್ತ, ತಲೆ ಎತ್ತದೆ:
"ಲಾಳಿ ನಡುವ ಸಿಕ್ಕೊಂಡ್ರ ಮಗ್ಗ ಏನ್ ಮಾಡತೈತಿ?"
ನಿಲ್ಲುತ್ತದೆ.
ಮೂವತ್ತು ವರ್ಷದಿಂದ ನಾನೇ ರಿಪೇರಿ ಮಾಡುವ ಮಗ್ಗ.
ಲಾಳಿ ಆಚೆ ಮನೆ ಮುಟ್ಟದಿದ್ದರೆ
ಹಣಿಗೆ ಹಿಂದಕ್ಕೆ ಸರಿದು, ಕಬ್ಬಿಣದ ನಾಲಿಗೆ ಢಣ್ಣೆಂದು ಬಿದ್ದು
ಎಲ್ಲ ನಿಂತುಬಿಡುತ್ತದೆ,
ಹಾಸಿನ ಎರಡು ಸಾವಿರ ಎಳೆ ಹರಿಯುವ ಮೊದಲೇ.
"ಮಗ್ಗಕ್ಕ ಇರೋವಷ್ಟು ಬುದ್ಧಿ ನಿಮ್ಮ ಪೆಟ್ಟಿಗಿಗಿ ಇಲ್ಲೇನು?"
ಅದೇ ಉಸಿರಿನಲ್ಲಿ: "ಮೂರನೇದೂ ಸುಟ್ಟೈತಿ, ಹೌದಿಲ್ಲೋ?"

ಒಂದು ತಿಂಗಳು ಹಿಡಿಯಿತು.
ಫೆರೈಟ್ ಬಳೆಗೆ ಹನ್ನೆರಡು ಸುತ್ತು ತಾಮ್ರ,
ಹೋಗುವುದನ್ನು ಬೇರೆ, ಬರುವುದನ್ನು ಬೇರೆ ಅಳೆಯಲು.
ಬರುವುದು ಹೆಚ್ಚಾದರೆ ಬಯಾಸ್ ಕಡಿಯಲು
ಹದಿನೈದು ರೂಪಾಯಿಯ ಬಡ ಟ್ರಾನ್ಸಿಸ್ಟರ್ ಒಂದು.
ಡ್ರೈನಿಗೂ ನೆಲಕ್ಕೂ ನಡುವೆ ಝೀನರುಗಳ ಸಾಲು:
ತೊಂಬತ್ತು ವೋಲ್ಟಿನವರೆಗೆ ಕಲ್ಲಿನಂತೆ ಸುಮ್ಮನೆ,
ದಾಟಿತೋ, ತಾವೇ ಅಡ್ಡಬಿದ್ದು
ಎಲ್ಲವನ್ನೂ ನೆಲಕ್ಕೆ ಸುರಿಯುವಂಥವು.
ಕರೆಂಟು ಮರಳಿದಾಗ ಓಣಿಯ ಮೋಟರೆಲ್ಲ ಒಮ್ಮೆಲೇ ಎದ್ದು
ಕೊಡುವ ಏಟಿಗೆ ಬೇರೆಯೇ ಕಾವಲು, ಪ್ಲಗ್ಗಿನ ಬಾಗಿಲಲ್ಲೇ.

ನಿನ್ನೆ ಸೋಮವಾರ. ಬೇಕೆಂದೇ ಆಂಟೆನಾ ಕಿತ್ತು ಕೀ ಒತ್ತಿದೆ.
ಕೆಂಪು ದೀಪ.
ಬೆರಳಿಟ್ಟು ನೋಡಿದೆ, ಜ್ವರ ನೋಡುವಂತೆ. ತಣ್ಣಗಿತ್ತು.
ಆಂಟೆನಾ ಸಿಕ್ಕಿಸಿ ಮತ್ತೆ ಒತ್ತಿದರೆ ಮುಳ್ಳು ಎದ್ದಿತು. ಜೀವ ಇದೆ.

ಬಾಗಿಲಲ್ಲಿ ಕಸ್ತೂರಿಯ ತುಟಿ ಆಡುತ್ತಿತ್ತು.
ಎಡಗಿವಿಯನ್ನು ಮಗ್ಗ ಎಂದೋ ತಿಂದಿದೆ.
ಬಲಗಿವಿಯಲ್ಲಿ ಹೆಡ್‌ಫೋನು.
ಎಷ್ಟು ವರ್ಷ ಅವಳು ಹೇಳಿದ್ದೆಲ್ಲ ನನ್ನ "ಆಂ?" ಎನ್ನುವುದಕ್ಕೆ ಬಡಿದು
ಅವಳಿಗೇ ಹೊಳ್ಳಿ ಹೋಯಿತೋ,
ಅದಕ್ಕೆ ನಾನು ಮೀಟರು ಕೂಡಿಸಿಲ್ಲ.

ಹೆಡ್‌ಫೋನು ತೆಗೆದೆ. "ಇನ್ನೊಮ್ಮೆ ಹೇಳು."

"ಏನಿಲ್ಲ," ಅಂದಳು,
"ದೀಪ ಹತ್ತಿತ್ತಲ್ಲ, ಕೆಂಪಂದು, ಅಂದೆ."