ಮುಟ್ಟಿದರೆ ಮುನಿ

ಮೊದಲು ಕೇಳಿದ್ದು ಕಿರುಚು.
ಬಾಲ ತುಳಿಸಿಕೊಂಡ ನವಿಲಿನ ಹಾಗೆ
ಟೆಗ್ವೆನ್ನಳ ಹಿಂದಿನ ಚಕ್ರ
ಇಡೀ ಕಣಿವೆಗೆ ದೂರು ಹೇಳುತ್ತ ಇಳಿಯಿತು.
ಕುರಿಗಳು ತಲೆಯೆತ್ತಿದವು.
ಈ ಕಡೆಯ ಕುರಿಗಳು
ಯಾವುದಕ್ಕೂ ತಲೆಯೆತ್ತುವಂಥವಲ್ಲ.

ತಪ್ಪು ನನ್ನದೇ.
ಮೇಲೆ, ಗಾಳಿ ಕೊರೆಯುವ ಗೇಟಿನ ಹತ್ತಿರ
ಚೈನು ಒಣಗಿದೆ ಅಂತ ನಾನೇ
ಎಣ್ಣೆ ಡಬ್ಬಿಯ ಮೂತಿ ಒತ್ತಿದ್ದು.
ಚೈನಿಗೆ ಎಷ್ಟು ಹೋಯಿತೋ,
ಮಿಕ್ಕದ್ದನ್ನು ಗಾಳಿ ಅವಳ ಡಿಸ್ಕಿಗೆ ಬಡಿಸಿತು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಗಾದೆಯಿದೆ.
ನನ್ನ ಕಣ್ಣು ತೆರೆದೇ ಇತ್ತು,
ನೋಡುತ್ತಿದ್ದದ್ದು ಮಾತ್ರ ಬೆಟ್ಟವನ್ನು.

ನಾವು ನಿಂತೆವು. ಮಳೆ ನಿಲ್ಲಲಿಲ್ಲ.
ಬ್ಲೈನೈ ಊರಿನ ಸ್ಲೇಟು ರಾಶಿಗಳಿಂದ
ಬೂದು ನೀರು, ಬೂದು ಕೆಸರು,
ನೋಡಲು ದೋಸೆಹಿಟ್ಟಿನಷ್ಟು ನಯ,
ಹಲ್ಲಿಗೆ ಸಿಕ್ಕಾಗ ಗೊತ್ತಾಗುತ್ತದೆ ಕಲ್ಲು ಅಂತ.
ಪ್ಯಾಡಿನ ಸಂದಿಯಲ್ಲಿ ಕೂತು
ಸದ್ದಿಲ್ಲದೆ ಮೇಯುತ್ತದೆ ಅದು.

ಒರೆಸೋಣವೆಂದು ಬೆರಳು ಚಾಚಿದೆ.
"ಮುಟ್ಟಬೇಡ, ಇದ್ವಾಲ್!"
ಮೂವತ್ತು ವರ್ಷ ಮನೆಮನೆ ತಿರುಗಿ
ಗಾಯ ಕಟ್ಟಿದ ನರ್ಸಿನ ದನಿ.
"ಒಂದು, ಸುಡುತ್ತದೆ.
ಎರಡು, ನಿನ್ನ ಬೆರಳಲ್ಲೂ ಜಿಡ್ಡಿದೆ."
ನೋಡಿದೆ ನನ್ನ ಬೆರಳುಗಳನ್ನು.
ಬೆಳಿಗ್ಗೆ ತಿಂದ ಬೆಣ್ಣೆ ಬ್ರೆಡ್ಡು,
ಮೂಗು, ಕೂದಲು, ಚೈನು,
ಎಲ್ಲ ಸೇರಿ ನಾನು.
ಡಿಸ್ಕು ಮಡಿಯುಟ್ಟು ನಿಂತಿತ್ತು
ತೂತುತೂತಾದ ಬೆಳ್ಳಿ ತಟ್ಟೆಯಾಗಿ.

ಮೊದಲು ನೀರು. ಸಕ್ಕರೆ ಕಲಸಿದ ಬಾಟಲಿಯದಲ್ಲ,
ಬರಿಯ ನೀರು.
ಚಕ್ರ ತಿರುಗಿಸಿದಳು, ಬೂದು ಹರಿದು ಹೋಯಿತು.
ಆಮೇಲೆ ಕೋಟಿನ ಒಳಜೇಬಿನಿಂದ
ಚಪ್ಪಟೆ ಸೀಸೆ. ಸ್ಪಿರಿಟ್ಟು.
ಒಂದು ಎಣ್ಣೆ ಮಾಡಿದ ಪಾಪಕ್ಕೆ
ಇನ್ನೊಂದು ಎಣ್ಣೆಯ ಪ್ರಾಯಶ್ಚಿತ್ತ!
ಎಮ್ರಿಸ್ ತೈದ್, ಅಂದರೆ ನನ್ನ ಅಜ್ಜ,
ಚಾಪೆಲಿನಲ್ಲಿ ಕುಡಿಯೆನೆಂದು ಆಣೆಯಿಟ್ಟವನು.
ಅವನ ಮೊಮ್ಮಗ ನಾನು ನಡುಬೆಟ್ಟದಲ್ಲಿ
ಸೀಸೆ ಹಿಡಿದು ನಿಂತೆ, ಮೂಗಿಗೇರಿತು ಘಾಟು.

ಬ್ಯಾಂಡೇಜು ಬಟ್ಟೆ ಮಡಿಸಿ ಅವಳು ಒರೆಸಿದಳು
ಒಳಗಿಂದ ಹೊರಕ್ಕೆ, ಒಳಗಿಂದ ಹೊರಕ್ಕೆ,
ಒಮ್ಮೆ ಒರೆಸಿದ ಮಗ್ಗುಲನ್ನು ಮತ್ತೆ ಬಳಸದೆ.
ಒರೆಸುತ್ತಲೇ, ತಲೆಯೆತ್ತದೆ ಹೇಳಿದಳು:
"ನಿನ್ನ ತೈದನ ಉಸಿರೂ ಹೀಗೇ ಕಿರುಚುತ್ತಿತ್ತು, ಗೊತ್ತಾ?
ಕೊನೆಯ ಚಳಿಗಾಲ.
ಅಡಿಗೆಮನೆ ಬಾಗಿಲಲ್ಲೇ ಕೇಳಿಸುತ್ತಿತ್ತು.
ಇದೇ ಕಲ್ಲು, ಇದೇ ಪುಡಿ.
ದಿಂಬು ಎತ್ತರಿಸುತ್ತಿದ್ದೆ.
ಅಷ್ಟೇ ನನ್ನ ಕೈಲಾಗುತ್ತಿದ್ದದ್ದು."

ನನಗೆ ಏನೂ ತೋಚಲಿಲ್ಲ.
ಸೀಸೆಯ ಮುಚ್ಚಳ ತಿರುಪಿದೆ, ಬಿಗಿಯಾಗಿದ್ದದ್ದನ್ನೇ.

ಪಿನ್ನು ಕಳಚಿ ಪ್ಯಾಡು ತೆಗೆದಳು.
ಕಾಲಬುಡದ ಒಂದು ಚಪ್ಪಟೆ ಸ್ಲೇಟು ಆರಿಸಿ
ಅದರ ಮೇಲೆ ಉಜ್ಜತೊಡಗಿದಳು,
ಶಾಲೆಗೆ ಹೊಸದಾಗಿ ಸೇರಿದ ಮಗು
ಒಂದೇ ಅಂಕಿ ತಿದ್ದಿತಿದ್ದಿ ಬರೆಯುವ ಹಾಗೆ.
ಮಸಿಯಂಥ ಗೀರು ಮೂಡಿತು.
ಎಂಜಲು ಹಚ್ಚುವ ಮೊದಲೇ ಮಳೆ ಅಳಿಸಿತು.
ಕಲ್ಲಿನ ಕೆಲಸವನ್ನು ಕಲ್ಲೇ ಮಾಡಿಕೊಟ್ಟಿತು
ಅಂತ ಹೇಳಬೇಕೆನಿಸಿ, ಸುಮ್ಮನಾದೆ.

ಆಮೇಲೆ ಇಳಿಜಾರಿನಲ್ಲಿ ಅವಳು
ಹಿಡಿದಳು, ಬಿಟ್ಟಳು. ಹಿಡಿದಳು, ಬಿಟ್ಟಳು.
ಪ್ಯಾಡಿಗೂ ಡಿಸ್ಕಿಗೂ ಮತ್ತೆ ಪರಿಚಯವಾಗಬೇಕಂತೆ,
ಆತುರ ಮಾಡಿದರೆ ಕೆಡುತ್ತದಂತೆ.
ಹತ್ತನೆಯ ಸಲಕ್ಕೆ ಕಿರುಚು ಗೊಣಗಾಯಿತು.
ಪೂರ್ತಿ ಹೋಗಲಿಲ್ಲ. ಇನ್ನೂ ಹೋಗಿಲ್ಲ.

ಕೆಳಗೆ ಕಲ್ಲುಗೋಡೆ ದಾಟುವ ಮೆಟ್ಟಿಲು, ಪಾಚಿ.
ನಾನು ಎರಡೂ ಕೈ ಮೈಯಿಂದ ದೂರ ಹಿಡಿದು
ಕಳ್ಳನ ಹಾಗೆ ನಿಂತಿದ್ದೆ.
ಮೇಲಿನಿಂದ ಅವಳು ಕೂಗಿದಳು,
"ಕೈ ಕೊಡೋ ಮಾರಾಯ, ಮೊಣಕಾಲು ಹಿಡಿದಿದೆ.
ನಾನೇನು ಡಿಸ್ಕಾ?"